ಟ್ಯಾಂಕಿಗೂ ಒಂದು ಹೆಸರು, ಒಂದಿಷ್ಟು ಗಾಯ

ಕಾನಸೂರು ಪೇಟೆಯಲ್ಲಿ ಶಿರಸಿ ಬಸ್ಸಿಗೆ ಕಾಯುವವರಿಗೆ ಓದಲು ಪುಸ್ತಕ ಬೇಡ, ಲಾರಿಗಳ ಹಣೆ ಸಾಕು. ಮುಂದೆ ಶ್ರೀ ಮಾರಿಕಾಂಬಾ ಪ್ರಸನ್ನ, ಹಿಂದೆ ಮಕ್ಕಳ ಹೆಸರು, ಬಂಪರಿಗೆ ಕಟ್ಟಿದ ಹಳೇ ಚಪ್ಪಲಿ, ನಿಂಬೆಹಣ್ಣು, ಮೆಣಸಿನಕಾಯಿ. ಅದೇ ಲಾರಿಯ ಎಡಬಾಗಿಲ ಮೇಲೆ ಘಟ್ಟದ ತಿರುವಿನಲ್ಲಿ ಉಜ್ಜಿಸಿಕೊಂಡ ಗೆರೆ, ಹೆಡ್‌ಲೈಟಿನ ಪಕ್ಕ ಒಂದು ತಗ್ಗು. ಮಾಲೀಕ ಬರೆಸಿದ್ದು ಒಂದು, ರಸ್ತೆ ಬರೆದದ್ದು ಇನ್ನೊಂದು. ಎರಡನ್ನೂ ಕೂಡಿಸಿ ಓದಿದರೆ ಲಾರಿಯ ಜಾತಕ ಕೈಗೆ ಸಿಗುತ್ತದೆ. ಯುದ್ಧದ ಟ್ಯಾಂಕಿನ ಮೈಯನ್ನೂ ಹೀಗೆಯೇ ಓದಬೇಕು ಎನ್ನುವುದು ನನ್ನ ಮಾತು. ಶತ್ರು ಬರೆದದ್ದು ಮತ್ತು ಒಳಗೆ ಕೂತವರು ಬರೆದದ್ದು ಎರಡೂ ಅಲ್ಲಿರುತ್ತವೆ, ಒಂದಕ್ಕೆ ಇನ್ನೊಂದು ಉತ್ತರ ಕೊಡುತ್ತಿರುತ್ತದೆ.

ಟ್ಯಾಂಕ್ ಎಂದರೆ ನಮ್ಮ ಕಡೆ ಜನ ತಲೆಯೆತ್ತಿ ತಾರಸಿಯ ಮೇಲಿನ ಸಿಂಟೆಕ್ಸ್ ನೋಡುತ್ತಾರೆ. ನೋಡಿದರೆ ತಪ್ಪೇನಿಲ್ಲ. ಗುಜರಾತಿ, ಮರಾಠಿಯವರ ನೀರಿನ ಟಾಂಕೆಯಿಂದಲೇ ಆ ಶಬ್ದ ಇಂಗ್ಲಿಷಿಗೆ ಹೋಯಿತು ಎನ್ನುತ್ತವೆ ನಿಘಂಟುಗಳು. 1915ರ ಕೊನೆಯಲ್ಲಿ ಬ್ರಿಟಿಷರು ತಮ್ಮ ಗುಟ್ಟಿನ ಯುದ್ಧಯಂತ್ರಕ್ಕೆ ಮುಚ್ಚುಹೆಸರು ಹುಡುಕುವಾಗ ಇದನ್ನೇ ಆರಿಸಿಕೊಂಡರು. ಕಾರ್ಖಾನೆಯವರಿಗೆ ಹೇಳಿದ್ದು, ಮರುಭೂಮಿಗೆ ನೀರು ಹೊರುವ ತೊಟ್ಟಿ ಮಾಡುತ್ತಿದ್ದೀರಿ ಎಂದು. ನಂಬಿಸಲು ಅದರ ಮೈಮೇಲೆ ರಷ್ಯನ್ ಅಕ್ಷರದಲ್ಲಿ 'ಪೆತ್ರೊಗ್ರಾದಿಗೆ, ಜೋಪಾನ' ಎಂಬರ್ಥದ ಬರಹವನ್ನೂ ಬಳಿದರು. ಅಂದರೆ ಟ್ಯಾಂಕಿನ ಮೇಲೆ ಬಿದ್ದ ಮೊದಲ ಬರಹಗಳಲ್ಲೊಂದು ಅಪ್ಪಟ ಸುಳ್ಳು. ನಮ್ಮ ಪತ್ರಿಕೆಗಳು 'ಯುದ್ಧ ಟ್ಯಾಂಕರ್' ಎಂದು ಬರೆಯುತ್ತವೆ. ಅದನ್ನು ಓದುವಾಗೆಲ್ಲ ನನಗೆ ಹಾಲಿನ ಗಾಡಿಯೊಂದು ಗಡಿಯತ್ತ ಹೊರಟ ಹಾಗೆ ಕಾಣುತ್ತದೆ.

ಟ್ಯಾಂಕಿನ ಮೈ ಓದುವ ಈ ಹುಚ್ಚು ನನಗೆ ಹತ್ತಿದ್ದು ಶಿರಡಿ ಯಾತ್ರೆಯಲ್ಲಿ. ಇಲ್ಲಿಂದ ಹೊರಡುವ ಬಸ್ಸು ಹುಬ್ಬಳ್ಳಿ ದಾಟಿ ವಿಜಯಪುರದಲ್ಲಿ ಗೋಳಗುಮ್ಮಟ ತೋರಿಸಿ, ಸೊಲ್ಲಾಪುರದ ಮೇಲೆ ಅಹಮದ್‌ನಗರಕ್ಕೆ ಹೋಗುತ್ತದೆ. ಊರಿನ ಹೆಸರು ಈಗ ಅಹಿಲ್ಯಾನಗರ. ವಿಜಯಪುರದ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ, ಇಂದಿನ ಟ್ಯಾಂಕಿಗೆ ಸಮ. ಹೆಸರಿನ ಅರ್ಥ ರಣರಂಗದ ಒಡೆಯ. ತೋಪಿನ ಬಾಯಿ ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿ ತನ್ನ ಹೆಸರು ಹಾಕಿಕೊಂಡ. 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ಗೆದ್ದದ್ದನ್ನು ಅದೇ ತೋಪಿನ ಮೇಲೆ ಕೆತ್ತಿಸಿದ. ಮಾಡಿದವನು, ಹಿಡಿದವನು ಇಬ್ಬರ ಸಹಿಯೂ ಒಂದೇ ಲೋಹದ ಮೇಲೆ. ತೋಪು ಹುಟ್ಟಿದ್ದು ಅಹಮದ್‌ನಗರದಲ್ಲೇ. ನಾಲ್ಕು ಶತಮಾನ ಕಳೆದ ಮೇಲೆ ಭಾರತದ ಟ್ಯಾಂಕ್ ಸೇನೆಯ ತರಬೇತಿ ಕೇಂದ್ರವೂ ಅದೇ ಊರಿನಲ್ಲಿ, 1994ರಿಂದ ಅದರ ಟ್ಯಾಂಕ್ ವಸ್ತುಸಂಗ್ರಹಾಲಯವೂ ಅಲ್ಲೇ. ಬಸ್ಸಿನಲ್ಲಿದ್ದ ಉಳಿದವರು ಶನಿಸಿಂಗಣಾಪುರದ ಲೆಕ್ಕ ಹಾಕುತ್ತಿದ್ದರು. ನಾನು ಎರಡು ತಾಸು ಕೇಳಿ ಇಳಿದೆ.

ಅದೇ ಊರಿನ ಕೇಂದ್ರದಲ್ಲಿ ಉಳಿಸಿಕೊಂಡಿರುವ ಒಂದು ಸೆಂಚುರಿಯನ್ ಟ್ಯಾಂಕಿನ ಹೆಸರು ಫಾಮಗುಸ್ತಾ. ಸೈಪ್ರಸ್ ದ್ವೀಪದ ಒಂದು ಬಂದರಿನ ಹೆಸರದು. ಪಂಜಾಬಿನ ಗೋಧಿಗದ್ದೆಯಲ್ಲಿ ಓಡಾಡಿದ ಗಾಡಿಗೆ ಸಮುದ್ರತೀರದ ಹೆಸರು! 1971ರ ಡಿಸೆಂಬರ್ 16ರಂದು ಶಕರ್‌ಗಢದ ಕಡೆ ಬಸಂತರ್ ನದಿಯ ಬಳಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅದರಲ್ಲಿದ್ದರು. ವಯಸ್ಸು 21, ಸೇನೆ ಸೇರಿ ಆರು ತಿಂಗಳು. ಟ್ಯಾಂಕಿಗೆ ಏಟು ಬಿದ್ದು ಬೆಂಕಿ ಹತ್ತಿತು. ಇಳಿದು ಬಾ ಎಂದು ರೇಡಿಯೋದಲ್ಲಿ ಆದೇಶ ಬಂದಾಗ, ತೋಪಿನ್ನೂ ಕೆಲಸ ಮಾಡುತ್ತಿದೆ ಎಂದು ಹೇಳಿ ಉಳಿದುಕೊಂಡರು. ಮುಂದಿನ ಏಟು ಅವರ ಜೀವ ತೆಗೆಯಿತು. ಮರಣೋತ್ತರ ಪರಮವೀರ ಚಕ್ರದ ಈ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಉಳಿಯಲು ಅವರು ಕೊಟ್ಟ ಆ ಕಾರಣ. ಟ್ಯಾಂಕು ಸತ್ತಿತೇ ಇಲ್ಲವೇ ಎಂಬ ಪ್ರಶ್ನೆಗೆ ಆದೇಶ ಕೊಟ್ಟವರ ಉತ್ತರ ಒಂದು, ಒಳಗಿದ್ದವನ ಉತ್ತರ ಇನ್ನೊಂದು. ಟ್ಯಾಂಕಿನ ಗಾಯದ ಚರ್ಚೆಯೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಟ್ಯಾಂಕು ಕೆಡುವುದು ಮೂರು ಬಗೆಯಲ್ಲಿ. ಕಾಲು ಹೋಗಬಹುದು, ಕಣ್ಣು-ಕೈ ಹೋಗಬಹುದು, ಇಲ್ಲವೇ ಪ್ರಾಣವೇ ಹೋಗಬಹುದು.

ಕಾಲು ಹೋಗುವುದು ಹೆಚ್ಚು. ತೋಟದ ಕೆಲಸಕ್ಕೆ ಬಂದ ಹಿಟಾಚಿ ಕೆಸರಿನಲ್ಲಿ ಚೈನು ಕಳಚಿಕೊಂಡು ಕೂತಾಗ ಡ್ರೈವರ್ ಎಷ್ಟು ಬೈಯುತ್ತಾನೆ ಎಂದು ನೋಡಿದವರಿಗೆ ಗೊತ್ತು. ನಲವತ್ತೈದು ಟನ್ನಿನ ಟ್ಯಾಂಕು, ಸುತ್ತ ಗುಂಡಿನ ಮಳೆ, ಕೆಳಗಿಳಿದು ಚೈನು ಜೋಡಿಸಬೇಕು ಎಂದರೆ ಊಹಿಸಿಕೊಳ್ಳಿ. ಇದಕ್ಕೆ ದೊಡ್ಡ ಕಾರಣ ನೆಲಬಾಂಬು. ಬಸಂತರ್‌ನಲ್ಲಿ ಆ ಬಾಂಬುಗಳ ನಡುವೆ ದಾರಿ ಬಿಡಿಸಿದ್ದು ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟ್. ಹೆಸರು ಮದ್ರಾಸಾದರೂ ಅವರ ಮನೆ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ಆ ದಾರಿ ಬಿಡಿಸುವ ಕೆಲಸದಲ್ಲಿ ಮಡಿದ ಮೇಜರ್ ವಿಜಯ್ ರತನ್ ಚೌಧರಿ ಅವರಿಗೆ ಮಹಾವೀರ ಚಕ್ರ ಬಂತು. ದಾರಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸಿನ ಟ್ಯಾಂಕುಗಳು ನುಗ್ಗಿದವು. ಟ್ಯಾಂಕಿನ ಸಾಹಸ ಎಂದು ನಾವು ಓದುವ ಪುಟದ ಅಡಿಯಲ್ಲಿ ಹೀಗೆ ಮಂಡಿಯೂರಿ ಮಣ್ಣು ಕೆದಕಿದವರು ಇರುತ್ತಾರೆ.

ಕಣ್ಣು ಹೋಗುವುದು ಇತ್ತೀಚಿನ ಸಂಗತಿ ಎನ್ನಬಹುದು. ಇಂದಿನ ಟ್ಯಾಂಕಿನ ತಲೆಯ ಮೇಲೆ ಕ್ಯಾಮೆರಾ, ದೂರ ಅಳೆಯುವ ಲೇಸರ್, ರಾತ್ರಿ ನೋಡುವ ಗಾಜು ಎಲ್ಲ ಇವೆ. ದಪ್ಪ ಉಕ್ಕು ತಡೆದುಕೊಂಡ ಸಿಡಿಚೂರನ್ನು ಆ ಗಾಜು ತಡೆಯುವುದಿಲ್ಲ. ಹೊರಗಿನಿಂದ ನೋಡಿದರೆ ಬಣ್ಣ ಕೆದರಿದೆ ಅಷ್ಟೆ. ಒಳಗೆ ಕೂತವನಿಗೆ ಕತ್ತಲೆ.

ಪ್ರಾಣ ಹೋಗುವ ಬಗೆಯನ್ನು ತೂತು ನೋಡಿ ಹೇಳಬಹುದಂತೆ. ಟಂಗ್‌ಸ್ಟನ್ನಿನ ಉದ್ದ ಸರಳು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬಂದು ಹೊಕ್ಕರೆ ತೂತಿನ ಸುತ್ತ ಸರಳಿನ ಬಾಲದ ರೆಕ್ಕೆಗಳ ಗುರುತು ನಕ್ಷತ್ರದ ಹಾಗೆ ಮೂಡುತ್ತದೆ. ಇನ್ನೊಂದು ಬಗೆ, ತಾಮ್ರದ ಲಾಳಿಕೆಯಿರುವ ಸಿಡಿತಲೆ. ಸಿಡಿದಾಗ ತಾಮ್ರ ಸೂಜಿಯಂಥ ಧಾರೆಯಾಗಿ ಮುಂದಕ್ಕೆ ಚಿಮ್ಮುತ್ತದೆ. ಅದು ಉಕ್ಕನ್ನು ಕರಗಿಸುತ್ತದೆ ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ; ಒತ್ತಡದಿಂದ ಸೀಳಿಕೊಂಡು ಹೋಗುತ್ತದೆ. ಅಡಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಪೈಪಿನ ಬಾಯಿಂದ ಹೊರಟ ಧಾರೆ ಹತ್ತಿರದ ಮಣ್ಣುಗೋಡೆಗೆ ಬಿದ್ದರೆ ಹೇಗೆ ಕೊರೆಯುತ್ತದೋ ಹಾಗೆ. ಹೊರಗೆ ಹೆಬ್ಬೆರಳು ತೂರುವಷ್ಟು ತೂತು. ಅದನ್ನು ನೋಡಿ ಇಷ್ಟೇನಾ ಎನಿಸುತ್ತದೆ. ಆ ಧಾರೆ ಒಳಗೆ ಮದ್ದಿನ ರಾಶಿಗೆ ತಾಗಿತೋ ಇಲ್ಲವೋ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ರಷ್ಯಾ ಮೂಲದ ಟಿ-72, ಟಿ-90 ಟ್ಯಾಂಕುಗಳಲ್ಲಿ ಮೂವರೇ ಸಿಬ್ಬಂದಿ. ಗುಂಡು ತುಂಬುವ ನಾಲ್ಕನೆಯವನ ಕೆಲಸವನ್ನು ಯಂತ್ರ ಮಾಡುತ್ತದೆ. 22 ಗುಂಡುಗಳ ಆ ಚಕ್ರ ಇರುವುದು ಸಿಬ್ಬಂದಿಯ ಕಾಲಡಿಯಲ್ಲಿ. ಅದಕ್ಕೆ ಬೆಂಕಿ ತಾಗಿದರೆ ತಿರುಗುವ ತಲೆ ಕಿತ್ತುಕೊಂಡು ಆಕಾಶಕ್ಕೆ ಹಾರುತ್ತದೆ. ಉಕ್ರೇನ್ ಯುದ್ಧದ ಚಿತ್ರಗಳಲ್ಲಿ ಈ ತಲೆಯಿಲ್ಲದ ಟ್ಯಾಂಕುಗಳನ್ನು ಎಲ್ಲರೂ ನೋಡಿದ್ದಾರೆ. ಅಮೆರಿಕದ ಅಬ್ರಾಮ್ಸ್‌ನಲ್ಲಿ ಮದ್ದು ಬೇರೆ ಕೋಣೆಯಲ್ಲಿರುತ್ತದೆ, ಸಿಡಿದರೆ ಮೇಲಿನ ಹಲಗೆ ಹಾರಿ ಬೆಂಕಿ ಹೊರಗೆ ಹೋಗುತ್ತದೆ. ನಮ್ಮ ಅರ್ಜುನದ ವಿನ್ಯಾಸವೂ ಈ ಕಡೆಗೇ ವಾಲಿದ್ದು, ಸಿಬ್ಬಂದಿ ನಾಲ್ವರು. ಭಾರತದ ಟ್ಯಾಂಕುಗಳಲ್ಲಿ ಬಹುಪಾಲು ಟಿ-72 ಮತ್ತು ಟಿ-90 ಎನ್ನುವುದನ್ನು ನೆನೆದರೆ ಉಕ್ರೇನಿನ ಚಿತ್ರಗಳು ಪರದೇಶದ ಸುದ್ದಿಯಾಗಿ ಉಳಿಯುವುದಿಲ್ಲ.

ಕಾಲು ಮುರಿದ ಟ್ಯಾಂಕು ಸತ್ತ ಟ್ಯಾಂಕಲ್ಲ. 1973ರ ಅಕ್ಟೋಬರ್ ಯುದ್ಧದಲ್ಲಿ ಗೋಲಾನ್ ಗುಡ್ಡದ ಮೇಲೆ ಇಸ್ರೇಲಿನವರು ಹಗಲು ಹೊಡೆಸಿಕೊಂಡ ಟ್ಯಾಂಕನ್ನು ರಾತ್ರಿ ಎಳೆದು ತಂದು, ತೇಪೆ ಹಾಕಿ, ಬೆಳಗಾಗುವುದರೊಳಗೆ ಬೇರೆ ಸಿಬ್ಬಂದಿ ಕೂರಿಸಿ ಕಳಿಸುತ್ತಿದ್ದರು. ಎಳೆದು ತರಲು ಅಷ್ಟೇ ಗಟ್ಟಿಯಾದ ಇನ್ನೊಂದು ಚೈನುಗಾಡಿ ಬೇಕು. ಭಾರತೀಯ ಸೇನೆಗೆ ಅಂಥ ಗಾಡಿ ತಯಾರಾಗುವುದು ನಮ್ಮ ಕೆ.ಜಿ.ಎಫ್.ನಲ್ಲಿ, ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ. ಚಿನ್ನ ಮುಗಿದ ಊರು ಈಗ ಗಾಯಾಳುಗಳನ್ನು ಹೊರುವ ಗಾಡಿ ಮಾಡುತ್ತದೆ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ತೋಪಿನ ಟ್ಯಾಂಕಿಗೆ ಬೀಳುವ ಚಪ್ಪಾಳೆ ಇದಕ್ಕೆ ಬೀಳುವುದಿಲ್ಲ, ಬೀಳಬೇಕಿತ್ತು.

ಇನ್ನು ಸಿಬ್ಬಂದಿಯ ಬರಹ. ಟ್ಯಾಂಕನ್ನು ತಮ್ಮದು ಮಾಡಿಕೊಳ್ಳುವುದು ಎಂದರೆ ಚಿತ್ರ ಬರೆಯುವುದು, ಹೆಸರಿಡುವುದು ಎಂದಷ್ಟೇ ತಿಳಿದರೆ ಅರ್ಧ ತಿಳಿದ ಹಾಗೆ. ಮೊದಲ ಅಲಂಕಾರ ಹುಟ್ಟುವುದು ಹೆದರಿಕೆಯಿಂದ. ಎರಡನೇ ಮಹಾಯುದ್ಧದಲ್ಲಿ ಶರ್ಮನ್ ಟ್ಯಾಂಕಿನ ಹುಡುಗರು ತಮ್ಮ ಉಕ್ಕು ತೆಳುವೆಂದು ತಿಳಿದ ಕೂಡಲೇ ಮರಳಿನ ಚೀಲ, ಮರದ ದಿಮ್ಮಿ, ಬಿಡಿ ಚೈನಿನ ತುಂಡು, ಕಾಂಕ್ರೀಟು ಏನು ಸಿಕ್ಕಿತೋ ಅದನ್ನು ಮೈಗೆ ಕಟ್ಟಿದರು. ಒಂದರ ಹಾಗೆ ಇನ್ನೊಂದಿರಲಿಲ್ಲ. ಜನರಲ್ ಪ್ಯಾಟನ್ ಮರಳುಚೀಲ ಕಿತ್ತುಹಾಕಿ ಎಂದು ಆಜ್ಞೆ ಮಾಡಿದರು. ಭಾರಕ್ಕೆ ಎಂಜಿನ್ನು, ಸ್ಪ್ರಿಂಗು ಸವೆಯುತ್ತದೆ, ತಡೆಯುವುದೇನೂ ಇಲ್ಲ ಎಂಬುದು ಅವರ ವಾದ. ಕೆಟ್ಟ ಟ್ಯಾಂಕುಗಳ ಉಕ್ಕು ಕತ್ತರಿಸಿ ಬೆಸೆಯಲು ಮಾತ್ರ ಅನುಮತಿ ಸಿಕ್ಕಿತು. ಲೆಕ್ಕದಲ್ಲಿ ಪ್ಯಾಟನ್ ಸರಿಯಿದ್ದಿರಬಹುದು. ಆದರೆ ಆ ಚೀಲದ ಹಿಂದೆ ಕೂತವನಿಗೆ ರಾತ್ರಿ ನಿದ್ದೆ ಬಂದಿದ್ದರೆ ಅದೂ ಒಂದು ಲಾಭವೇ. ಅದೇ ಜನರಲ್ಲರ ಹೆಸರು ಹೊತ್ತ ಟ್ಯಾಂಕುಗಳು 1965ರ ಸೆಪ್ಟೆಂಬರಿನಲ್ಲಿ ಖೇಮಕರಣದ ಅಸಲ್ ಉತ್ತಾರ್‌ನಲ್ಲಿ ನೀರು ಬಿಟ್ಟ ಗದ್ದೆಯಲ್ಲಿ ಹೂತುಕೊಂಡವು, ಕಬ್ಬಿನ ಮರೆಯಿಂದ ಭಾರತದ ಯೋಧ ಅಬ್ದುಲ್ ಹಮೀದರ ಜೀಪಿನ ತೋಪಿಗೆ ಬಲಿಯಾದವು. ಅಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 97 ಟ್ಯಾಂಕು. ಹಿಡಿದವನ್ನೆಲ್ಲ ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ ಪ್ಯಾಟನ್ ನಗರ ಎಂದು ಹೆಸರಿಟ್ಟರು.

ಈ ಕಾಲದ ಮರಳುಚೀಲ ಎಂದರೆ ಪಂಜರ. ಕೆಲವೇ ಕಿಲೋ ಮದ್ದು ಕಟ್ಟಿದ ಅಗ್ಗದ ಡ್ರೋನು ಮೇಲಿನಿಂದ, ಟ್ಯಾಂಕಿನ ಉಕ್ಕು ಅತಿ ತೆಳುವಾಗಿರುವ ನೆತ್ತಿಯ ಮೇಲೆ ಎರಗುತ್ತದೆ. ರಷ್ಯನ್ನರು ಕಬ್ಬಿಣದ ಸರಳಿನ ಮಾಡು ಹಾಕಿಕೊಂಡಾಗ ಜಗತ್ತು ನಕ್ಕಿತು. 2023ರ ಅಕ್ಟೋಬರಿನ ನಂತರ ಇಸ್ರೇಲಿನ ಮೆರ್ಕಾವಾಗಳ ಮೇಲೂ ಅದೇ ಮಾಡು ಬಂತು, ನಗು ನಿಂತಿತು. 2024ರ ವಸಂತಕ್ಕೆ ರಷ್ಯನ್ನರು ಇಡೀ ಟ್ಯಾಂಕಿಗೆ ತಗಡಿನ ಕೊಟ್ಟಿಗೆಯನ್ನೇ ಹೊದಿಸಿದರು. ಆಮೆ ಟ್ಯಾಂಕು ಎಂದು ಅದಕ್ಕೆ ಹೆಸರು. ನಮ್ಮವರಿಗೆ ಇದೇನೂ ಹೊಸ ತತ್ತ್ವವಲ್ಲ. ಮಳೆಗಾಲದಲ್ಲಿ ಕೊಳೆ ಬಾರದ ಹಾಗೆ ಅಡಕೆ ಕೊನೆಗೆ ಕೊಟ್ಟೆ ಕಟ್ಟುತ್ತೇವೆ. ಮೊದಲು ಕರಡದ್ದು, ಆಮೇಲೆ ಪ್ಲಾಸ್ಟಿಕ್ಕಿನದು. ಕೊಟ್ಟೆ ಕಟ್ಟಿದ ಕೊನೆಗೂ ಕೊಳೆ ಬರುವುದುಂಟು. ಹಾಗೆಂದು ಮರ ಹತ್ತಿದ ಯಾವ ಕೊನೆಗೌಡನೂ ಕೊಟ್ಟೆ ಬಿಚ್ಚಿ ಇಳಿದದ್ದಿಲ್ಲ. ಒಂದು ವ್ಯತ್ಯಾಸ ಹೇಳಲೇಬೇಕು: ತಗಡಿನ ಮಾಡು ಹೊದ್ದ ಟ್ಯಾಂಕು ತಲೆ ತಿರುಗಿಸಲಾರದು, ಪಕ್ಕಕ್ಕೆ ನೋಡಲಾರದು. ಬದುಕುಳಿಯಲು ಹೋಗಿ ಅದು ಟ್ಯಾಂಕಾಗಿ ಉಳಿದಿರುವುದಿಲ್ಲ.

ಹೆಸರಿನ ವಿಷಯ ಬೇರೆ. ಸರ್ಕಾರ ಇಡುವ ಹೆಸರು ತಳಿಗೆ ಸೇರಿದ್ದು: ಅರ್ಜುನ, ಭೀಷ್ಮ, ಅಜೇಯ, ವಿಜಯಂತ, ಈಗ ಜೊರಾವರ್. ದನದ ತಳಿಯ ಹೆಸರು ಮಲೆನಾಡು ಗಿಡ್ಡ ಎಂದಿದ್ದರೂ ಕೊಟ್ಟಿಗೆಯಲ್ಲಿ ಅದು ಗೌರಿ, ಕೆಂಪಿ. ಫಾಮಗುಸ್ತಾ ಆ ಕೊಟ್ಟಿಗೆಯ ಹೆಸರು. ಸೇನೆಯಲ್ಲಿ ಇದಕ್ಕೂ ಒಂದು ಶಿಸ್ತು ಇದೆ. ಮೊದಲ ಮಹಾಯುದ್ಧದಲ್ಲೇ ಬ್ರಿಟಿಷರ ಡಿ ಬೆಟಾಲಿಯನ್ನಿನ ಟ್ಯಾಂಕುಗಳಿಗೆ ಡಿ ಅಕ್ಷರದ ಹೆಸರೇ ಬೇಕಿತ್ತು. ಅಮೆರಿಕದವರು ಇರಾಕಿನಲ್ಲಿ ತೋಪಿನ ಕೊಳವೆಯ ಮೇಲೆ ಹೆಸರು ಬರೆಯುವಾಗಲೂ ತಮ್ಮ ಕಂಪನಿಯ ಅಕ್ಷರದಿಂದಲೇ ಶುರು ಮಾಡುವ ರೂಢಿಯಿತ್ತು. ಹದಿಹರೆಯದ ಹುಡುಗರ ಪೋಲಿತನಕ್ಕೆ ಒಂದು ಅಕ್ಷರದ ಲಗಾಮು.

ಜರ್ಮನರು 1918ರಲ್ಲಿ ತಮ್ಮ ಒಂದು ಎ7ವಿ ಟ್ಯಾಂಕಿಗೆ ಮೆಫಿಸ್ಟೊ ಎಂದು ಹೆಸರಿಟ್ಟು, ಬ್ರಿಟಿಷ್ ಟ್ಯಾಂಕನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟ ಕೆಂಪು ಪಿಶಾಚಿಯ ಚಿತ್ರ ಬರೆದರು. ಅದೇ ವರ್ಷ ಆಸ್ಟ್ರೇಲಿಯದ ಸೈನಿಕರು ಅದನ್ನು ಎಳೆದೊಯ್ದರು, ತಮ್ಮ ಗುರುತನ್ನೂ ಬಳಿದರು. ತಯಾರಾದ ಇಪ್ಪತ್ತರಲ್ಲಿ ಉಳಿದದ್ದು ಅದೊಂದೇ, ಈಗ ಬ್ರಿಸ್ಬೇನಿನ ವಸ್ತುಸಂಗ್ರಹಾಲಯದಲ್ಲಿದೆ. ಮಲಿಕ್-ಎ-ಮೈದಾನ್‌ನ ಎರಡು ಸಹಿ ಇಲ್ಲೂ ಇವೆ.

ಹೆಸರು ಮತ್ತು ಗಾಯ ಒಂದೇ ಕಡೆ ಕೂಡಿದ ಕಥೆ ಸೋವಿಯತ್ ರಷ್ಯಾದ ಮರಿಯಾ ಒಕ್ತ್ಯಾಬ್ರ್‌ಸ್ಕಾಯಾಳದು. ಗಂಡ ಯುದ್ಧದಲ್ಲಿ ಸತ್ತ ಸುದ್ದಿ ಬಂದ ಮೇಲೆ ಇದ್ದದ್ದೆಲ್ಲ ಮಾರಿ, ಆ ಹಣದಲ್ಲಿ ಟ್ಯಾಂಕು ಕೊಳ್ಳಿ, ಅದನ್ನು ನಾನೇ ಓಡಿಸುತ್ತೇನೆ ಎಂದು ಸ್ಟಾಲಿನ್ನನಿಗೆ ಬರೆದಳು. ಒಪ್ಪಿಗೆ ಸಿಕ್ಕಿತು. ಟಿ-34ರ ಮೇಲೆ ಬರೆಸಿದ ಹೆಸರಿನ ಅರ್ಥ 'ಹೋರಾಟದ ಗೆಳತಿ'. ಕಳಚಿದ ಚೈನು ಜೋಡಿಸಲು ಗುಂಡಿನ ನಡುವೆ ಕೆಳಗಿಳಿಯುವುದು ಅವಳ ಅಭ್ಯಾಸವಾಗಿತ್ತು. 1944ರ ಜನವರಿಯಲ್ಲಿ ಹಾಗೆ ಇಳಿದಾಗಲೇ ಸಿಡಿಚೂರು ತಲೆಗೆ ಬಡಿಯಿತು, ಮಾರ್ಚಿನಲ್ಲಿ ತೀರಿಕೊಂಡಳು.

ಹೆಸರು ಬೇಡವಾಗುವ ಸಂದರ್ಭವೂ ಇದೆ, ಅದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನ. 1948ರ ಶರತ್ಕಾಲದಲ್ಲಿ, ಕಾಶ್ಮೀರದ ಯುದ್ಧದಲ್ಲಿ, ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಜಮ್ಮುವಿನಿಂದ ಹೊರಡುವಾಗ ಅವುಗಳ ತಲೆಯನ್ನೇ ಬಿಚ್ಚಿ, ಟ್ಯಾಂಕೆಂದು ಯಾರಿಗೂ ಗುರುತು ಸಿಗದ ಹಾಗೆ ಗುಟ್ಟಾಗಿ ಸಾಗಿಸಿ, ಬಾಲ್ಟಾಲ್‌ನಲ್ಲಿ ಮತ್ತೆ ಜೋಡಿಸಿದರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕು ಕಂಡ ಎದುರಾಳಿಗಳಿಗೆ ಏನನಿಸಿತೋ! ಜನರಲ್ಲರೂ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಪೆತ್ರೊಗ್ರಾದಿನ ಹಸಿಸುಳ್ಳಿನ ಮೊಮ್ಮಗ ಈ ತಂತ್ರ. ಉಕ್ರೇನ್ ಯುದ್ಧದಲ್ಲಿ ರಷ್ಯನ್ ಟ್ಯಾಂಕುಗಳ ಝಡ್ ಅಕ್ಷರ, 1991ರ ಕೊಲ್ಲಿ ಯುದ್ಧದಲ್ಲಿ ತಲೆಕೆಳಗಾದ ವಿ, ಇವೆಲ್ಲ ಸಿಬ್ಬಂದಿಯ ಕೈಬರಹವಲ್ಲ. ನಮ್ಮವರೇ ನಮ್ಮವರನ್ನು ಹೊಡೆಯದಿರಲಿ ಎಂದು ಮೇಲಿನವರು ಬರೆಸಿದ್ದು.

ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರ ಫೆಬ್ರವರಿಯಿಂದ ಮಡಿಕೇರಿಯಲ್ಲಿ ಸ್ಮಾರಕವಾಗಿದೆ. ಅಂಗಳದಲ್ಲಿ ನಿಂತ ಟ್ಯಾಂಕಿಗೆ 'ಹಿಮ್ಮತ್' ಎಂದು ಹೆಸರು. ಹೆಸರು ಉಳಿದುಕೊಂಡು ಬಂತಲ್ಲ ಎಂದು ನನಗೆ ಸಮಾಧಾನ. ಎಲ್ಲ ಕಡೆ ಹಾಗಿಲ್ಲ. ನಾನು ನೋಡಿದ ಒಂದು ಪಟ್ಟಣದ ಸರ್ಕಲ್ಲಿನಲ್ಲಿ ಟ್ಯಾಂಕಿದೆ, ಊರಿನ ಹೆಸರು ಬೇಡ. ಮೈತುಂಬ ಹೊಳೆಯುವ ಹಸಿರು ಎನಾಮಲ್ಲು, ಚೈನಿಗೆ ಕರಿ ಬಣ್ಣ, ಸುತ್ತ ಹುಲ್ಲು, ಕಾರಂಜಿ. ಹೆಸರು ಬರೆಯುವ ಜಾಗದಲ್ಲಿ ಕೈಯಾಡಿಸಿದೆ. ಬಣ್ಣದ ಪದರದ ಕೆಳಗೆ ಅಕ್ಷರದ ಉಬ್ಬೋ ಬೆಸುಗೆಯ ಗಂಟೋ, ತಿಳಿಯಲಿಲ್ಲ. ಪಕ್ಕದ ಫಲಕದ ಮೇಲೆ ತೂಕ, ಉದ್ದ, ತೋಪಿನ ಅಳತೆ ಮತ್ತು ಉದ್ಘಾಟಿಸಿದ ಗಣ್ಯರ ಹೆಸರುಗಳು ಇದ್ದವು.

ಬನವಾಸಿಯ ಆಸುಪಾಸಿನಲ್ಲಿ ಹೊಲದ ಬದುವಿನಲ್ಲೂ ವೀರಗಲ್ಲು ಸಿಗುತ್ತವೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕೈಲಾಸಕ್ಕೆ ಹೋದವನೆಂದು ಕೆಳಗಿನ ಹಂತವನ್ನು ಶಿಲ್ಪಿ ಅಳಿಸಲಿಲ್ಲ. ಬಾಣ ನೆಟ್ಟ ಮೈಯನ್ನು ಕೆತ್ತಿದ ಕಲ್ಲುಗಳೂ ಇವೆ. ಮಂಡ್ಯದ ಆತಕೂರಿನ ಹತ್ತನೇ ಶತಮಾನದ ಕಲ್ಲಿನಲ್ಲಿ ಹಂದಿಯೊಂದಿಗೆ ಸೆಣಸಿ ಸತ್ತ ನಾಯಿಯ ಹೆಸರೂ ಉಳಿದಿದೆ: ಕಾಳಿ. ನಾಯಿಗೆ ಸಿಕ್ಕ ಮರ್ಯಾದೆ ಸರ್ಕಲ್ಲಿನ ಟ್ಯಾಂಕಿಗೆ ಸಿಕ್ಕಿಲ್ಲ. ನವರಾತ್ರಿಯಲ್ಲಿ ಮಾತ್ರ ಅದಕ್ಕೂ ಹೂವು, ಕುಂಕುಮ ಬೀಳುತ್ತದೆ; ಸೇನೆಯವರೂ ಗಡಿಯಲ್ಲಿ ತಮ್ಮ ಟ್ಯಾಂಕುಗಳಿಗೆ ಶಸ್ತ್ರಪೂಜೆ ಮಾಡುತ್ತಾರೆ, ನಮ್ಮ ಲಾರಿಯವರ ಆಯುಧಪೂಜೆಯ ಹಾಗೆಯೇ.

ಫ್ರಾನ್ಸಿನ ಫ್ಲೆಸ್ಕಿಯೇರ್ ಎಂಬ ಹಳ್ಳಿಯಲ್ಲಿ ಡಿ ಅಕ್ಷರದ ಹೆಸರಿನ ಟ್ಯಾಂಕೊಂದಿದೆ, ಡೆಬೋರಾ. 1917ರ ನವೆಂಬರ್ 20ರಂದು ಹಳ್ಳಿಯೊಳಗೆ ನುಗ್ಗಿ ಹೊಡೆಸಿಕೊಂಡಿತು. ಆಮೇಲೆ ಮಣ್ಣಡಿ ಸೇರಿದ್ದನ್ನು 1998ರಲ್ಲಿ ಅಗೆದು ತೆಗೆದರು. ಮುಂಭಾಗದ ಒಂದು ಬದಿ ಹರಿದುಹೋಗಿದೆ, ಉಕ್ಕು ಒಳಕ್ಕೆ ಮಡಚಿಕೊಂಡಿದೆ. ಯಾರೂ ಅದನ್ನು ತಟ್ಟಿ ಸಮ ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. ಅದನ್ನಿಟ್ಟ ಕಟ್ಟಡದ ಪಕ್ಕದಲ್ಲೇ ಸೈನಿಕರ ಸ್ಮಶಾನವಿದೆ. ಆ ದಿನ ಅದರೊಳಗಿದ್ದು ಸತ್ತ ಐವರು ಅಲ್ಲಿ ಮಲಗಿದ್ದಾರೆ.